ಗ್ಲೌಸ್ ಹಾಕಿದ ಕೈ ಕೊನೆಗೆ ಮುಟ್ಟಿದ್ದು ಏನನ್ನು?

ಪ್ರಶ್ನೆ: ನಾನು ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಎಂಟು ತಿಂಗಳಾಯಿತು. ತಾಲೂಕು ಊರಿನ 30 ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್. ರಾತ್ರಿ ಪಾಳಿಯಲ್ಲಿ ನಾನು, ಒಬ್ಬ ಸೀನಿಯರ್ ಸಿಸ್ಟರ್, ಒಬ್ಬರು ಆಯಾ ಅಷ್ಟೇ. ಕಾಲೇಜಿನಲ್ಲಿ ಕಲಿಸಿದ ಹಾಗೆ ಪ್ರತಿ ಸಲ ಕೈ ತೊಳೆಯಲು ಹೋದರೆ "ಗ್ಲೌಸ್ ಹಾಕಿದೀಯಲ್ಲ, ಮತ್ತೇನು ಕೈ ತೊಳೆಯೋದು" ಎಂದು ಬೈಸಿಕೊಳ್ಳುತ್ತೇನೆ. ಒಂದೇ ಜೊತೆ ಗ್ಲೌಸಿನಲ್ಲಿ ವಾರ್ಡಿನ ಇಂಜೆಕ್ಷನ್ ಎಲ್ಲ ಮುಗಿಯುತ್ತದೆ. ಕಲಿತದ್ದನ್ನು ಪೂರ್ತಿ ಮಾಡಲು ಸಮಯವಿಲ್ಲ, ಸಾಮಾನೂ ಇಲ್ಲ. ಯಾವುದನ್ನು ಬಿಡಲೇಬಾರದು, ಯಾವುದನ್ನು ಬಿಟ್ಟರೂ ನಡೆಯುತ್ತದೆ? ಇನ್ನೊಂದು ವಿಷಯ, ಸ್ಯಾನಿಟೈಸರ್ ಹಾಕಿ ಹಾಕಿ ನನ್ನ ಕೈ ಬಿರುಕು ಬಿಟ್ಟಿದೆ.

ಉತ್ತರ: "ಯಾವುದನ್ನು ಬಿಟ್ಟರೂ ನಡೆಯುತ್ತದೆ" ಎಂದು ಕೇಳಿದ್ದೀರಲ್ಲ, ಅದು ನನಗೆ ಇಷ್ಟವಾಯಿತು. ಪರೀಕ್ಷೆಯಲ್ಲಿ ಹೀಗೆ ಬರೆದರೆ ಸೊನ್ನೆ ಬರುತ್ತದೆ. ಆದರೆ ವಾರ್ಡಿನಲ್ಲಿ ದಿನಾ ಎಲ್ಲರೂ ಏನನ್ನೋ ಒಂದನ್ನು ಬಿಡುತ್ತಲೇ ಇರುತ್ತಾರೆ. ಸೋಂಕು ನಿಯಂತ್ರಣದ ಕೆಲಸದಲ್ಲಿ ನಾನು ಇಷ್ಟು ವರ್ಷ ನೋಡಿದ ಹಾಗೆ, ಬಿಡಬಾರದ್ದನ್ನು ಬಿಟ್ಟು ಬಿಡಬಹುದಾದದ್ದನ್ನು ಭಕ್ತಿಯಿಂದ ಮಾಡುವವರೇ ಜಾಸ್ತಿ.

ಮೊದಲು ಗ್ಲೌಸ್ ಜಗಳ ಮುಗಿಸೋಣ. ಆಪರೇಷನ್ ಥಿಯೇಟರಿಗೆ (ಓ.ಟಿ.) ರಬ್ಬರ್ ಗ್ಲೌಸ್ ಬಂದ ಕಥೆ ಗೊತ್ತಾ? ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ಓ.ಟಿ. ನರ್ಸ್ ಇದ್ದರು. ಆಗ ಕೈಗೂ ಸಲಕರಣೆಗೂ ಪಾದರಸದ ದ್ರಾವಣ ಬಳಸುತ್ತಿದ್ದರು. ಅದರಿಂದ ಅವರ ಕೈ ಉರಿದು ಹುಣ್ಣಾಯಿತು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಅವರು 1889ರ ಚಳಿಗಾಲದ ಹೊತ್ತಿಗೆ ಗುಡ್‌ಇಯರ್ ಕಂಪನಿಯಿಂದ ತೆಳು ರಬ್ಬರ್ ಗ್ಲೌಸ್ ಮಾಡಿಸಿ ಕೊಟ್ಟರು. 1890ರಲ್ಲಿ ಇಬ್ಬರೂ ಮದುವೆಯಾದರು, ಅದು ಬೇರೆ ಕಥೆ. ಅಂದರೆ ಆ ಗ್ಲೌಸ್ ಬಂದದ್ದು ರೋಗಿಗೋಸ್ಕರ ಅಲ್ಲ, ನಮ್ಮಂಥ ಒಬ್ಬ ನರ್ಸಿನ ಚರ್ಮ ಉಳಿಸಲಿಕ್ಕೆ. ರೋಗಿಗೂ ಅದರಿಂದ ಒಳ್ಳೆಯದು ಅಂತ ಗೊತ್ತಾಗಲು ಇನ್ನೂ ಕೆಲವು ವರ್ಷ ಬೇಕಾಯಿತು.

ಡಬ್ಬಿಯಿಂದ ಎಳೆದು ಹಾಕುವ ಗ್ಲೌಸ್ ಇವತ್ತಿಗೂ ಮುಖ್ಯವಾಗಿ ಹಾಕಿದವರ ರಕ್ಷಣೆಗೇ ಇರುವುದು. ರೋಗಾಣುಗಳು ಚರ್ಮಕ್ಕೆ ಅಂಟಿದ ಹಾಗೆಯೇ ರಬ್ಬರಿಗೂ ಅಂಟುತ್ತವೆ. 4ನೇ ಬೆಡ್ಡಿನ ಅಜ್ಜನ ಯೂರಿನ್ ಬ್ಯಾಗ್ ಖಾಲಿ ಮಾಡಿ, ಅದೇ ಗ್ಲೌಸಿನಲ್ಲಿ 5ನೇ ಬೆಡ್ಡಿನ ವೆನ್‌ಫ್ಲಾನ್ ಮುಚ್ಚಳ ತೆಗೆದಿರಿ ಅಂದುಕೊಳ್ಳಿ (ಡ್ರಿಪ್ಪಿಗೆ, ಔಷಧಕ್ಕೆ ರಕ್ತನಾಳದಲ್ಲಿ ಕೂರಿಸುವ ಸಣ್ಣ ನಳಿಕೆಯೇ ವೆನ್‌ಫ್ಲಾನ್). ಅಜ್ಜನ ಮೂತ್ರದಲ್ಲಿದ್ದ ರೋಗಾಣು ಪಕ್ಕದವರ ರಕ್ತಕ್ಕೆ ಹೋಗಲು ಅಷ್ಟು ಸಾಕು. ಬರಿಗೈ ಆಗಿದ್ದರೆ ಒದ್ದೆ ಗೊತ್ತಾಗುತ್ತಿತ್ತು, ಹೇಸಿಗೆ ಅನ್ನಿಸುತ್ತಿತ್ತು, ತೊಳೆದೇ ತೊಳೆಯುತ್ತಿದ್ದಿರಿ. ಗ್ಲೌಸ್ ಆ ಹೇಸಿಗೆಯನ್ನು ಮರೆಸಿಬಿಡುತ್ತದೆ, ಅದೇ ಅದರ ದೊಡ್ಡ ತೊಂದರೆ. ಹಾಗಾಗಿ ಒಬ್ಬ ರೋಗಿಗೆ ಒಂದು ಜೊತೆ. ಕೆಲಸ ಮುಗಿದ ಕೂಡಲೇ ತೆಗೆದು ಬಿಸಾಕಿ, ಕೈಗೆ ಸ್ಯಾನಿಟೈಸರ್ ಹಾಕಿಕೊಳ್ಳಿ. ಗ್ಲೌಸಿನಲ್ಲಿ ಕಣ್ಣಿಗೆ ಕಾಣದ ತೂತು ಇರಬಹುದು, ತೆಗೆಯುವಾಗಲೂ ಕೊಳೆ ಕೈಗೆ ತಾಗುತ್ತದೆ.

ಇಲ್ಲೇ ನಿಮ್ಮ "ಬಿಟ್ಟರೂ ನಡೆಯುವ" ಮೊದಲನೆಯದು ಸಿಕ್ಕಿತು. ಗಾಯವಿಲ್ಲದ ಚರ್ಮಕ್ಕೆ ಸೊಂಟದ ಇಂಜೆಕ್ಷನ್ ಕೊಡಲು, ಇನ್ಸುಲಿನ್ ಚುಚ್ಚಲು ಗ್ಲೌಸ್ ಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ನಿಮ್ಮ ಕೈ ಮೇಲೆ ಗಾಯವಿದ್ದರೆ ಮಾತ್ರ ಹಾಕಿಕೊಳ್ಳಿ. ರಕ್ತ ತೆಗೆಯಲು, ವೆನ್‌ಫ್ಲಾನ್ ಹಾಕಲು, ಮಲಮೂತ್ರ ಮುಟ್ಟಲು ಗ್ಲೌಸ್ ಬೇಕೇ ಬೇಕು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯವರು 2018ರಲ್ಲಿ ಬೇಡದ ಕಡೆ ಗ್ಲೌಸ್ ಬಿಡಿ ಎಂದು ಅಭಿಯಾನವನ್ನೇ ನಡೆಸಿದರು. ಇಂಜೆಕ್ಷನ್ ರೌಂಡಿನಲ್ಲಿ ಗ್ಲೌಸ್ ಉಳಿಸಿ, ಆ ದುಡ್ಡಿಗೆ ಸ್ಯಾನಿಟೈಸರ್ ತರಿಸಿದರೆ ನಿಮ್ಮ ರೋಗಿಗಳಿಗೆ ಲಾಭ.

ಇನ್ನು ಬಿಡಲೇಬಾರದ್ದು. ನಿಮ್ಮ ಮನೆಯಲ್ಲಿ ಉಪ್ಪಿನಕಾಯಿ ಜಾಡಿ ಇರುತ್ತದಲ್ಲ, ಅದಕ್ಕೆ ಒದ್ದೆ ಸೌಟು ಹಾಕಿದರೆ ಅಮ್ಮ ಏನಂತಾರೆ? ಜಾಡಿಯ ಹೊರಗೆ ಎಷ್ಟು ಎಣ್ಣೆ ಮೆತ್ತಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಳಗೆ ಹೋಗುವ ಸೌಟು ಮಾತ್ರ ಒಣಗಿರಬೇಕು, ಎಂಜಲಾಗಿರಬಾರದು. ಏಸೆಪ್ಟಿಕ್ ವಿಧಾನ ಅಂದರೂ ಅಷ್ಟೇ. ಇಡೀ ವಾರ್ಡನ್ನು ಕ್ರಿಮಿ ಇಲ್ಲದ ಹಾಗೆ ಮಾಡಲು ಯಾರಿಂದಲೂ ಆಗುವುದಿಲ್ಲ. ಸೂಜಿಯ ಮೊನೆ, ಸಿರಿಂಜಿನ ತುದಿ, ಡ್ರಿಪ್ ಸೆಟ್ಟಿನ ತುದಿ, ಮೂತ್ರದ ನಳಿಕೆಯಾದ ಕ್ಯಾಥೆಟರಿನ ಮುಂಭಾಗ, ಗಾಯಕ್ಕೆ ತಾಗುವ ಗಾಜ್ ಬಟ್ಟೆ, ಹೀಗೆ ಮೈಯೊಳಗೆ ಹೋಗುವ ಇಲ್ಲವೇ ಗಾಯಕ್ಕೆ ತಾಗುವ ಭಾಗಕ್ಕೆ ಬೇರೇನೂ ತಾಗಬಾರದು. ಬ್ರಿಟನ್ನಿನ ಸ್ಟೀಫನ್ ರೌಲಿ ಎಂಬ ನರ್ಸ್ 1990ರ ದಶಕದಲ್ಲಿ ಈ ಭಾಗಗಳಿಗೆ "ಕೀ ಪಾರ್ಟ್" ಎಂದು ಹೆಸರಿಟ್ಟು, "ಅದನ್ನು ಮುಟ್ಟಬೇಡಿ" ಎನ್ನುವುದರ ಸುತ್ತಲೇ ಒಂದು ಪದ್ಧತಿ ಕಟ್ಟಿದರು. ನಾನು ಹೊಸಬರಿಗೆ ಕಲಿಸುವಾಗ "ಒಳಗೆ ಹೋಗೋ ತುದಿ" ಅಂತಲೇ ಹೇಳುತ್ತೇನೆ. ಯಾವ ಕೆಲಸಕ್ಕೆ ಕೈ ಹಾಕುವ ಮೊದಲೂ ಒಂದೇ ಪ್ರಶ್ನೆ: ಇಲ್ಲಿ ಒಳಗೆ ಹೋಗೋ ತುದಿ ಯಾವುದು?

ಇದನ್ನು ಮಡಿಗೆ ಹೋಲಿಸಿ ಹೇಳುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮಡಿಯಲ್ಲಿ ಯಾರು ಮುಟ್ಟಿದರು ಎಂಬುದು ಲೆಕ್ಕ. ಇಲ್ಲಿ ಆ ಕೈ ಅದಕ್ಕೂ ಮುಂಚೆ ಏನನ್ನು ಮುಟ್ಟಿತ್ತು ಎಂಬುದು ಲೆಕ್ಕ. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗ ಇದ್ದವು. ಒಂದರಲ್ಲಿ ಡಾಕ್ಟರುಗಳು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಬಾಣಂತಿಯರು ಜ್ವರ ಬಂದು ಹೆಚ್ಚು ಸಾಯುತ್ತಿದ್ದದ್ದು ಡಾಕ್ಟರುಗಳ ವಿಭಾಗದಲ್ಲಿ. ಅವರು ಹೆಣ ಕೊಯ್ದ ಕೈಯಲ್ಲೇ ಬಂದು ಹೆರಿಗೆ ಪರೀಕ್ಷೆ ಮಾಡುತ್ತಿದ್ದರು. 1847ರ ಮೇ ತಿಂಗಳಲ್ಲಿ ಇಗ್ನಾಸ್ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಏಪ್ರಿಲಿನಲ್ಲಿ ಶೇ. 18ರ ಆಸುಪಾಸು ಇದ್ದ ಸಾವು ಜೂನ್ ಹೊತ್ತಿಗೆ ಶೇ. 2ರ ಹತ್ತಿರ ಬಂತು. ಸಹೋದ್ಯೋಗಿ ಡಾಕ್ಟರುಗಳು ಅವರಿಗೆ ಶಾಲು ಹೊದಿಸಲಿಲ್ಲ, ಕಿರಿಕಿರಿ ಮಾಡಿಕೊಂಡರು. ನಿಮಗೆ ಬೈಗುಳ ಬಿದ್ದಾಗ ಇದನ್ನು ನೆನಪಿಸಿಕೊಳ್ಳಿ.

ಈಗ ವೆನ್‌ಫ್ಲಾನ್ ಹಾಕುವುದನ್ನೇ ತೆಗೆದುಕೊಳ್ಳೋಣ, ದಿನಾ ಮಾಡುವ ಕೆಲಸ. ತೋಳಿಗೆ ಟೂರ್ನಿಕೆ ಪಟ್ಟಿ ಕಟ್ಟಿದಿರಿ, ನರ (ರಕ್ತನಾಳ) ಹುಡುಕಿದಿರಿ, ಚರ್ಮಕ್ಕೆ ಸ್ಪಿರಿಟ್ ಹಚ್ಚಿದಿರಿ. ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ "ನರ ಎಲ್ಲಿ ಹೋಯ್ತು" ಅಂತ ಇನ್ನೊಂದು ಸಲ ಬೆರಳಿಂದ ಒತ್ತುತ್ತೀರಿ. ಒರೆಸಿದ್ದು ಅಲ್ಲಿಗೆ ದಂಡ. ಇನ್ನೂ ಕೆಲವರು ಸ್ಪರ್ಶ ಸಿಗಲಿ ಅಂತ ಗ್ಲೌಸಿನ ತೋರುಬೆರಳ ತುದಿಯನ್ನೇ ಹರಿದುಕೊಳ್ಳುತ್ತಾರೆ. ಅತಿ ಮುಖ್ಯವಾದ ಬೆರಳೇ ಬರಿದು, ಉಳಿದ ನಾಲ್ಕಕ್ಕೆ ರಕ್ಷಣೆ! ನರ ಹುಡುಕುವುದನ್ನು ಒರೆಸುವ ಮೊದಲೇ ಮುಗಿಸಿ. ಸುತ್ತಲಿನ ಒಂದು ಮಚ್ಚೆಯನ್ನೋ ಗೆರೆಯನ್ನೋ ಗುರುತಿಟ್ಟುಕೊಳ್ಳಿ. ಒರೆಸಿದ ಮೇಲೆ ತಾನಾಗಿ ಒಣಗಲು ಅರ್ಧ ನಿಮಿಷ ಬಿಡಿ. ಬಾಯಿಂದ ಊದಬೇಡಿ, ಕೈಯಿಂದ ಗಾಳಿ ಹಾಕಬೇಡಿ. ಒದ್ದೆ ಇರುವಾಗಲೇ ಚುಚ್ಚಿದರೆ ಕ್ರಿಮಿ ಪೂರ್ತಿ ಸತ್ತಿರುವುದಿಲ್ಲ, ರೋಗಿಗೆ ಉರಿಯೂ ಜಾಸ್ತಿ.

ಪ್ಲಾಸ್ಟರ್ ಪಟ್ಟಿಗಳದ್ದು ಇನ್ನೊಂದು ಕಥೆ. ಮೊದಲೇ ಕತ್ತರಿಸಿ ಮಂಚದ ಕಂಬಿಗೆ ಸಾಲಾಗಿ ಅಂಟಿಸಿಟ್ಟುಕೊಳ್ಳುವುದನ್ನು ನಾನು ಎಲ್ಲ ಕಡೆ ನೋಡಿದ್ದೇನೆ, ನಾನೂ ಮಾಡಿದ್ದೇನೆ. ಆ ಕಂಬಿಯನ್ನು ಬೆಳಿಗ್ಗೆಯಿಂದ ಎಷ್ಟು ಕೈ ಹಿಡಿದಿರುತ್ತವೆ ಯೋಚಿಸಿ. ಆ ಪಟ್ಟಿಯನ್ನೇ ತಂದು ಸೂಜಿ ತೂತಿನ ಮೇಲೆ ಅಂಟಿಸುತ್ತೇವೆ. ಪಾರದರ್ಶಕ ಸ್ಟೆರೈಲ್ (ಕ್ರಿಮಿ ಇಲ್ಲದ) ಡ್ರೆಸ್ಸಿಂಗ್ ಇದ್ದರೆ ಅದನ್ನೇ ಹಾಕಿ. ಇಲ್ಲವಾದರೆ ತೂತಿನ ಮೇಲೆ ಸ್ಟೆರೈಲ್ ಗಾಜ್ ಬಟ್ಟೆಯ ಚೂರು, ಅದರ ಮೇಲೆ ಪ್ಲಾಸ್ಟರ್. ಮುಚ್ಚಳ ತೆಗೆದರೆ ಹಾಸಿಗೆ ಮೇಲೆ ಇಡಬೇಡಿ, ಹೊಸ ಮುಚ್ಚಳ ಹಾಕಿ. ನಳಿಕೆಗೆ ಔಷಧ ಕೊಡುವ ಬಾಯಿ, ಅಂದರೆ ಪೋರ್ಟನ್ನು ಸ್ಪಿರಿಟ್ ಹತ್ತಿಯಿಂದ ಸುಮ್ನೆ ಸವರಿದರೆ ಸಾಲದು. ಹಿಡಿದು ತಿರುವಿ ತಿರುವಿ 15 ಸೆಕೆಂಡ್ ಉಜ್ಜಿ, ಒಣಗಲು ಬಿಡಿ. ಮತ್ತೆ, ಅವಶ್ಯಕತೆ ಮುಗಿದ ವೆನ್‌ಫ್ಲಾನನ್ನು "ಇರಲಿ, ಬೇಕಾಗಬಹುದು" ಅಂತ ಬಿಡಬೇಡಿ. ಬೆಳಗಿನ ರೌಂಡಿನಲ್ಲಿ ಡಾಕ್ಟರನ್ನು ಕೇಳಿ ತೆಗೆಸಿ. ಯೂರಿನ್ ಕ್ಯಾಥೆಟರಿಗೂ ಇದೇ ಮಾತು. ಒಂದೊಂದು ದಿನ ಜಾಸ್ತಿ ಇದ್ದಷ್ಟೂ ಸೋಂಕು ಹತ್ತಿರವಾಗುತ್ತದೆ.

ಸ್ಪಿರಿಟ್ ಹತ್ತಿ ಅಂದೆನಲ್ಲ, ಅದು ನಿಮ್ಮ ಟ್ರಾಲಿಯಲ್ಲಿ ಹೇಗಿದೆ? ಬೆಳಿಗ್ಗೆ ಸ್ಟೀಲ್ ಡಬ್ಬಿಯಲ್ಲಿ ಹತ್ತಿ ಉಂಡೆ ತುಂಬಿ, ಮೇಲೆ ಸ್ಪಿರಿಟ್ ಸುರಿದು, ರಾತ್ರಿಯವರೆಗೆ ಎಲ್ಲರೂ ಅದರಲ್ಲೇ ಬೆರಳು ಹಾಕಿ ತೆಗೆಯುವುದು ಅಲ್ವಾ? ಸ್ಪಿರಿಟ್ ಆರುತ್ತಾ ಹೋಗುತ್ತದೆ, ಬೆರಳಿನ ಕೊಳೆ ಸೇರುತ್ತಾ ಹೋಗುತ್ತದೆ. ಹತ್ತಿಯನ್ನು ಮೊದಲೇ ನೆನೆಸಿ ಡಬ್ಬಿಯಲ್ಲಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಇಂಜೆಕ್ಷನ್ ಮಾರ್ಗಸೂಚಿ 2010ರಲ್ಲೇ ಹೇಳಿದೆ. ಒಣ ಹತ್ತಿ ಒಂದು ಡಬ್ಬಿಯಲ್ಲಿ, ಸ್ಪಿರಿಟ್ ಬಾಟಲಿ ಬೇರೆ. ಬೇಕಾದಾಗ ಒಂದು ಉಂಡೆಗೆ ಸುರಿದುಕೊಳ್ಳಿ. ಖರ್ಚು ಏನೂ ಹೆಚ್ಚಿಲ್ಲ. ನೀರು ಬೆರೆಸಿದ ಆಂಟಿಸೆಪ್ಟಿಕ್ ದ್ರಾವಣದಲ್ಲಿ ಚೀಟಲ್ ಫೋರ್ಸೆಪ್ಸ್ (ಸ್ಟೆರೈಲ್ ಸಾಮಾನು ಎತ್ತುವ ಉದ್ದ ಇಕ್ಕಳ) ಮುಳುಗಿಸಿಡುವ ಹಳೆಯ ಪದ್ಧತಿ ಇನ್ನೂ ಇದ್ದರೆ ಅದನ್ನೂ ನಿಲ್ಲಿಸಿ. ತೆಳುವಾದ ಆಂಟಿಸೆಪ್ಟಿಕ್ ನೀರಿನಲ್ಲಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಸಾಯುವುದಿರಲಿ, ಸುಖವಾಗಿ ಬೆಳೆಯುತ್ತದೆ.

ಇದಕ್ಕಿಂತ ನನಗೆ ಭಯ ಇರುವುದು ಸಲೈನ್ ಬಾಟಲಿಯದ್ದು. ಟ್ರಾಲಿ ಮೇಲೆ ಒಂದು ಎನ್.ಎಸ್. (ನಾರ್ಮಲ್ ಸಲೈನ್, ಉಪ್ಪು ನೀರು) ಬಾಟಲಿ, ಅದರ ತಲೆಗೆ ಒಂದು ಸೂಜಿ ಚುಚ್ಚಿಟ್ಟಿರುತ್ತದೆ. ಫ್ಲಶ್ ಮಾಡಬೇಕಾದಾಗಲೆಲ್ಲ, ಅಂದರೆ ನಳಿಕೆಯೊಳಗೆ ಸಲೈನ್ ಹಾಯಿಸಬೇಕಾದಾಗಲೆಲ್ಲ, ಅದರಿಂದಲೇ ಎಳೆಯುವುದು, ವಾರ್ಡಿಗೆಲ್ಲ ಒಂದೇ. ನಿಮ್ಮಲ್ಲಿ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ನಾಳೆಯೇ ನಿಲ್ಲಿಸಿ ಎನ್ನುತ್ತೇನೆ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಫ್ರೀಮಾಂಟ್ ಎಂಬ ಊರಿನ ಒಂದು ಕ್ಯಾನ್ಸರ್ ಕ್ಲಿನಿಕ್ಕಿನಲ್ಲಿ 2000 ಮತ್ತು 2001ರಲ್ಲಿ ಹೀಗೇ ಆಯಿತು. ರೋಗಿಯ ಲೈನಿನಿಂದ ರಕ್ತ ಎಳೆದ ಸಿರಿಂಜನ್ನೇ ಸಲೈನ್ ಎಳೆಯಲೂ ಬಳಸಿದರು. ಆ 500 ಮಿ.ಲೀ. ಚೀಲ ಹಲವರಿಗೆ ಸೇರಿದ್ದು. ಹೆಪಟೈಟಿಸ್ ಸಿ ಇದ್ದ ಒಬ್ಬರ ರಕ್ತ ಅದರೊಳಗೆ ಹೋಯಿತು. 99 ಜನರಿಗೆ ರೋಗ ಅಂಟಿತು, ಕ್ಯಾನ್ಸರ್ ವಾಸಿ ಮಾಡಿಸಿಕೊಳ್ಳಲು ಬಂದವರಿಗೆ. ಸಲೈನ್ ಚೀಲ ಮಾತ್ರ ಕೊನೆಯವರೆಗೂ ತಿಳಿಯಾಗಿಯೇ ಕಾಣುತ್ತಿದ್ದಿರಬೇಕು. ಉಪ್ಪಿನಕಾಯಿಗೆ ಬೂಷ್ಟು ಬಂದರೆ ಕಣ್ಣಿಗಾದರೂ ಕಾಣುತ್ತದೆ. ನಮ್ಮ ದೇಶದ್ದೇ ಬೇಕೆಂದರೆ, 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳನ್ನು ಮತ್ತೆ ಬಳಸಿ ಹೆಪಟೈಟಿಸ್ ಬಿ ಹರಡಿತು, ಹಲವರು ಸತ್ತರು.

"ಸೂಜಿ ಮಾತ್ರ ಬದಲಾಯಿಸಿದೆ, ಸಿರಿಂಜ್ ಅದೇ" ಎನ್ನುವುದೂ ನಡೆಯುವುದಿಲ್ಲ. ಫ್ಲಶ್‌ಗೆ 10 ಮಿ.ಲೀ. ಸಲೈನ್ ಆಂಪೂಲ್ ಸಿಗುತ್ತದೆ, ಒಬ್ಬರಿಗೆ ಒಂದು. ಇನ್ಸುಲಿನ್‌ನಂಥ ಹಲವು ಡೋಸಿನ ವಯಲ್ ಆದರೆ ಪ್ರತಿ ಸಲ ಹೊಸ ಸೂಜಿ, ಹೊಸ ಸಿರಿಂಜ್. ರಬ್ಬರಿಗೆ ಪ್ರತಿ ಸಲ ಸ್ಪಿರಿಟ್, ತೆರೆದ ತಾರೀಖು ಬಾಟಲಿ ಮೇಲೆ. ಕಂಪನಿ ಬೇರೆ ಹೇಳದಿದ್ದರೆ 28 ದಿನಕ್ಕೆ ಎಸೆಯಿರಿ. ಓ.ಟಿ.ಯಲ್ಲಿ ಅರಿವಳಿಕೆ ಔಷಧ ಪ್ರೊಪೊಫಾಲ್ ಅರ್ಧ ಉಳಿದರೆ ಮುಂದಿನ ಕೇಸಿಗೆ ಎತ್ತಿಡುವವರಿದ್ದಾರೆ. ಅದು ನೋಡಲು ಹಾಲಿನ ಹಾಗಿದೆ, ಕೆಡುವುದೂ ಹಾಲಿನ ಹಾಗೆಯೇ. ಅದರಲ್ಲಿರುವ ಕೊಬ್ಬು ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ.

ಡ್ರೆಸ್ಸಿಂಗ್ ವಿಷಯದಲ್ಲಿ ನನ್ನದೇ ತಪ್ಪು ಒಂದನ್ನು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ, ಒಂದು ಸರ್ಜಿಕಲ್ ವಾರ್ಡು. ಬೆಡ್ 1ರಲ್ಲಿ ಸಕ್ಕರೆ ಕಾಯಿಲೆಯ ಕಾಲು, ಕೀವು ಸುರಿಯುತ್ತಿತ್ತು. ಬೆಡ್ 2ರಲ್ಲಿ ಹರ್ನಿಯಾ ಆಪರೇಷನ್ ಆಗಿ ಮೂರು ದಿನವಾದ ಅಜ್ಜಿ, ಹೊಲಿಗೆ ಚೊಕ್ಕವಾಗಿತ್ತು. ನಾನು ಬೆಡ್ ನಂಬರ್ ಪ್ರಕಾರ ಹೋದೆ. ಗ್ಲೌಸ್ ಬದಲಾಯಿಸಿದೆ, ಆದರೆ ಟ್ರಾಲಿ ಅದೇ, ಗಾಜ್ ಬಿನ್ ಅದೇ. ನಡುವೆ ಬಿನ್ ಮುಚ್ಚಳವನ್ನು ಕೀವು ಮುಟ್ಟಿದ ಗ್ಲೌಸಿನಲ್ಲೇ ತೆರೆದಿದ್ದೆ. ನಾಲ್ಕು ದಿನಕ್ಕೆ ಅಜ್ಜಿಯ ಹೊಲಿಗೆಯಿಂದ ಕೀವು ಬಂತು. ಅದು ನನ್ನಿಂದಲೇ ಆಯಿತು ಎಂದು ಯಾರೂ ಸಾಬೀತು ಮಾಡಲಿಲ್ಲ, ಮಾಡಲೂ ಆಗುವುದಿಲ್ಲ. ಅಜ್ಜಿಯ ಮಗಳು ಮಾತ್ರ ತಾನು ಬದನೆಕಾಯಿ ಹುಳಿ ಕೊಟ್ಟಿದ್ದಕ್ಕೇ ನಂಜಾಯಿತು ಅಂತ ಅಳುತ್ತಾ ಕೂತಿದ್ದಳು. ಬದನೆಕಾಯಿಯದ್ದೇನೂ ತಪ್ಪಿಲ್ಲಮ್ಮ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಅವತ್ತಿನಿಂದ ಬೆಡ್ ನಂಬರ್ ನೋಡುವುದು ಬಿಟ್ಟೆ. ಚೊಕ್ಕ ಗಾಯ ಮೊದಲು, ಕೀವಿನ ಗಾಯ ಕೊನೆಗೆ. ಪ್ರತಿಯೊಬ್ಬರಿಗೂ ಬೇಕಾದಷ್ಟೇ ಗಾಜ್ ಬಟ್ಟೆಯನ್ನು ಶುರುವಿನಲ್ಲೇ ತೆಗೆದಿಟ್ಟುಕೊಳ್ಳುವುದು, ನಡುವೆ ಬಿನ್ ಮುಟ್ಟದಿರುವುದು.

ಸಲಕರಣೆಗಳನ್ನು ಹಬೆಯಲ್ಲಿ ಸ್ಟೆರೈಲ್ ಮಾಡುವ ಆಟೋಕ್ಲೇವ್ ಬಗ್ಗೆ ಎರಡೇ ಮಾತು. ಪ್ಯಾಕಿಗೆ ಅಂಟಿಸಿದ ಟೇಪಿನ ಗೆರೆ ಕಪ್ಪಾಯಿತು ಅಂದರೆ ಆ ಪ್ಯಾಕು ಬಿಸಿ ಕಂಡಿದೆ ಅಂತ ಅಷ್ಟೇ, ಒಳಗಿನದು ಸ್ಟೆರೈಲ್ ಆಗಿದೆ ಅಂತಲ್ಲ. ಅದಕ್ಕೆ ಬಿಸಿಗೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾದ ಬೀಜಕಣ ಹಾಕಿ, ಅವು ಸತ್ತವೇ ಎಂದು ನೋಡುವ ಪರೀಕ್ಷೆ ಬೇಕು. ಮತ್ತೆ, ಒದ್ದೆಯಾಗಿ ಹೊರಬಂದ ಪ್ಯಾಕನ್ನು ಸ್ಟೆರೈಲ್ ಅಂತ ತೆಗೆದುಕೊಳ್ಳಬೇಡಿ.

ಬಿಟ್ಟರೂ ನಡೆಯುವ ಇನ್ನೆರಡನ್ನು ಹೇಳುತ್ತೇನೆ. ಐಸಿಯು ಬಾಗಿಲಲ್ಲಿ ಚಪ್ಪಲಿ ಬಿಡಿಸುವುದು. ನೋಡಲು ಬಂದವರು ಬಗ್ಗಿ ಕೈಯಿಂದ ಚಪ್ಪಲಿ ಬಿಚ್ಚುತ್ತಾರೆ, ಅದೇ ಕೈಯಲ್ಲಿ ಒಳಗೆ ಹೋಗಿ ಅಪ್ಪನ ಕೈ ಹಿಡಿಯುತ್ತಾರೆ. ಚಪ್ಪಲಿ ಕಾಲಲ್ಲೇ ಇರಲಿ, ಬಾಗಿಲಲ್ಲಿ ಸ್ಯಾನಿಟೈಸರ್ ಇಡಿ. ಇನ್ನೊಂದು, ಕ್ರಿಮಿ ಸಾಯಲಿ ಅಂತ ಕೋಣೆಗೆ ವಾರಕ್ಕೊಮ್ಮೆ ಫಾರ್ಮಲಿನ್ ಹೊಗೆ ಹಾಕುವುದು. ಕಣ್ಣುರಿ ಬರುತ್ತದೆ, ಏನೋ ದೊಡ್ಡ ಕೆಲಸ ಆಯಿತು ಅನ್ನಿಸುತ್ತದೆ. ಡಿಟರ್ಜೆಂಟ್ ನೀರಿನಲ್ಲಿ ಚೆನ್ನಾಗಿ ಒರೆಸುವುದಕ್ಕೆ ಅದು ಸಮವಲ್ಲ. ಆ ಹೊತ್ತಿನಲ್ಲಿ ಮಂಚದ ಕಂಬಿ, ಡ್ರಿಪ್ ಸ್ಟ್ಯಾಂಡು, ಲೈಟಿನ ಸ್ವಿಚ್ಚು ಒರೆಸಿಸಿ.

ಬಳೆ, ಉಂಗುರದ ಮಾತು ನಿಮ್ಮ ವಾರ್ಡಿನಲ್ಲೂ ಬಂದಿರುತ್ತದೆ. ಮದುವೆಯಾದವರಿಗೆ ಬರಿಗೈಯಲ್ಲಿರುವುದು ಕಷ್ಟ, ಅತ್ತೆ ಮನೆಯವರ ಮಾತು ಬೇರೆ. ನನಗೂ ಕಷ್ಟವಾಗಿತ್ತು. ಆದರೆ ಬಳೆ ಇದ್ದರೆ ಮಣಿಕಟ್ಟಿನವರೆಗೆ ಉಜ್ಜಲು ಆಗುವುದಿಲ್ಲ, ಉಂಗುರದ ಅಡಿಯಲ್ಲಿ ಒದ್ದೆ ಉಳಿಯುತ್ತದೆ. ಡ್ಯೂಟಿಗೆ ಬಂದಾಗ ಚಿಕ್ಕ ಪರ್ಸಿನಲ್ಲಿ ಹಾಕಿಟ್ಟು, ಹೋಗುವಾಗ ಹಾಕಿಕೊಳ್ಳಿ. ತಾಳಿ ಸರ ಯೂನಿಫಾರ್ಮಿನ ಒಳಗಿರಲಿ, ಬಗ್ಗಿದಾಗ ಗಾಯದ ಮೇಲೆ ತೂಗಾಡುವುದು ಬೇಡ.

ಸೀನಿಯರ್ ಸಿಸ್ಟರಿಗೆ ಹೇಗೆ ಹೇಳುವುದು? "ನೀವು ಮಾಡೋದು ತಪ್ಪು" ಅಂದರೆ ಮುಗಿಯಿತು ಕಥೆ. "ಅಕ್ಕಾ, ನೀವು ಇಂಜೆಕ್ಷನ್ ಕೊಡ್ತಾ ಹೋಗಿ, ನಾನು ಟ್ರಾಲಿ ತಳ್ತೀನಿ, ಬೆಡ್ ಬೆಡ್ಡಿಗೂ ನಿಮ್ಮ ಕೈಗೆ ಸ್ಯಾನಿಟೈಸರ್ ಹಾಕ್ತೀನಿ" ಅನ್ನಿ. ಕೈ ಉಜ್ಜಲು ಹಿಡಿಯುವುದು 20ರಿಂದ 30 ಸೆಕೆಂಡ್. ಸೋಪು ನೀರಿಗೆ ಒಂದು ನಿಮಿಷದ ಹತ್ತಿರ ಬೇಕು, ಸಿಂಕಿನವರೆಗೆ ನಡೆಯುವುದು ಬೇರೆ. ಅವರಿಗೆ ಸಮಯವೇ ಅಡ್ಡಿ ಆಗಿದ್ದರೆ ಇದರಲ್ಲಿ ಉಳಿತಾಯವೇ ಇದೆ. ಕೈಗೆ ರಕ್ತ, ಮಲ ಮೆತ್ತಿದ್ದರೆ, ಭೇದಿಯ ರೋಗಿಯನ್ನು ಮುಟ್ಟಿದ್ದರೆ ಮಾತ್ರ ಸೋಪೇ ಬೇಕು.

ಜೊತೆಗೆ ಒಂದು ನೋಟ್ ಪುಸ್ತಕ ಇಡಿ. ವಾರದಲ್ಲಿ ಎಷ್ಟು ವೆನ್‌ಫ್ಲಾನ್ ಹಾಕಿದಿರಿ, ಎಷ್ಟು ಕಡೆ ಕೆಂಪಾಗಿ ಊದಿಕೊಂಡಿತು, ಅಷ್ಟೇ. ಎರಡು ತಿಂಗಳಾದ ಮೇಲೆ ಡಾಕ್ಟರಿಗೆ ತೋರಿಸಿ. ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಸೆಂಟ್ರಲ್ ಲೈನ್ (ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ) ಸೋಂಕು ಒಂದೂವರೆ ವರ್ಷದಲ್ಲಿ ಸಾವಿರ ಲೈನ್-ದಿನಕ್ಕೆ (ಒಬ್ಬರಿಗೆ ಒಂದು ದಿನ ಲೈನ್ ಇದ್ದರೆ ಒಂದು ಲೈನ್-ದಿನ) ಸರಾಸರಿ 7.7ರಿಂದ 1.4ಕ್ಕೆ ಇಳಿಯಿತು. 2006ರಲ್ಲಿ ಪ್ರಕಟವಾದ ಲೆಕ್ಕ ಇದು. ಅಲ್ಲಿ ಮಾಡಿದ್ದು ಐದೇ ಕೆಲಸ: ಕೈ ತೊಳೆ, ಪೂರ್ತಿ ಗೌನು ಮಾಸ್ಕು ಹಾಕು, ಕ್ಲೋರ್‌ಹೆಕ್ಸಿಡಿನ್ ಎಂಬ ಆಂಟಿಸೆಪ್ಟಿಕ್‌ನಿಂದ ಚರ್ಮ ಒರೆಸು, ತೊಡೆ ಸಂದಿನ ನರ ಆದಷ್ಟು ಬಿಡು, ಬೇಡದ ಲೈನ್ ತೆಗೆ. ಆದರೆ ಡಾಕ್ಟರು ಒಂದನ್ನು ಬಿಟ್ಟರೆ ನಿಲ್ಲಿಸುವ ಅಧಿಕಾರವನ್ನು ನರ್ಸ್‌ಗಳಿಗೆ ಕೊಟ್ಟಿದ್ದರು. ನಿಮ್ಮ ನರ್ಸಿಂಗ್ ಹೋಮಿನ ಮಾಲೀಕ ಡಾಕ್ಟರು ಆ ಮಾತನ್ನು ಎಲ್ಲರೆದುರು ಒಂದು ಸಲ ಹೇಳಬೇಕು. ಅದಿಲ್ಲದೆ ಎಂಟು ತಿಂಗಳ ಅನುಭವದ ಹುಡುಗಿ ಒಬ್ಬಳೇ ಹೋರಾಡಲಿ ಅಂತ ನಾನು ಹೇಳುವುದಿಲ್ಲ.

ಕೊನೆಗೆ ನಿಮ್ಮ ಬಿರುಕು ಬಿಟ್ಟ ಕೈ. ಇದನ್ನು ಸಣ್ಣದು ಅಂದುಕೊಳ್ಳಬೇಡಿ. ಬಿರುಕಿನಲ್ಲಿ ರೋಗಾಣು ಕೂರುತ್ತದೆ, ಉರಿಯುತ್ತದೆ ಅಂತ ನೀವೂ ಕೈ ಉಜ್ಜುವುದನ್ನು ತಪ್ಪಿಸತೊಡಗುತ್ತೀರಿ. ಬಹಳ ಜನ ಸೋಪಿನಲ್ಲಿ ತೊಳೆದು, ಒದ್ದೆ ಕೈಗೇ ಸ್ಯಾನಿಟೈಸರ್ ಹಾಕಿ, ಬೆವರಿದ ಕೈಗೇ ಗ್ಲೌಸ್ ಹಾಕುತ್ತಾರೆ. ಚರ್ಮ ಕೆಡುವುದು ಇದರಿಂದಲೇ. ಎರಡರಲ್ಲಿ ಒಂದು ಸಾಕು. ಕೊಳೆ ಕಾಣದಿದ್ದರೆ ಸೋಪಿಗಿಂತ ಸ್ಯಾನಿಟೈಸರೇ ಚರ್ಮಕ್ಕೆ ಮೃದು, ಗ್ಲಿಸರಿನ್ ಇರುವುದನ್ನು ತರಿಸಿ. ಬಿಸಿ ನೀರು ಬೇಡ. ಉಜ್ಜಿ ಒರೆಸಬೇಡಿ, ಒತ್ತಿ ಒರೆಸಿ. ಊಟದ ಬಿಡುವಿನಲ್ಲಿ, ಪಾಳಿ ಮುಗಿದ ಮೇಲೆ ಕ್ರೀಮ್ ಹಚ್ಚಿ. ಮಲಗುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿದರೂ ಆದೀತು, ಡ್ಯೂಟಿಯಲ್ಲಿ ಮಾತ್ರ ಎಣ್ಣೆ ಬೇಡ, ಲೇಟೆಕ್ಸ್ (ರಬ್ಬರ್) ಗ್ಲೌಸ್ ಹಾಳಾಗುತ್ತದೆ. ಬಿರುಕಿನಿಂದ ನೀರು ಒಸರುತ್ತಿದ್ದರೆ ವಾಟರ್‌ಪ್ರೂಫ್ ಪಟ್ಟಿ ಹಾಕಿ, ವಾಸಿಯಾಗುವವರೆಗೆ ಡ್ರೆಸ್ಸಿಂಗ್ ಕೆಲಸ ಬೇರೆಯವರಿಗೆ ಕೊಡಿ ಅಂತ ಕೇಳಿ. ಗ್ಲೌಸ್ ಹಾಕಿದ ಜಾಗಕ್ಕಷ್ಟೇ ತುರಿಕೆ, ಕೆಂಪು ದದ್ದು ಇದ್ದರೆ ಅದು ಲೇಟೆಕ್ಸ್ ಅಲರ್ಜಿ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಲೇಟೆಕ್ಸ್ ಇಲ್ಲದ ನೈಟ್ರೈಲ್ ಗ್ಲೌಸ್ ಕೇಳಿ ತೆಗೆದುಕೊಳ್ಳಿ. ಕೊಡುವುದಿಲ್ಲ ಅಂದರೆ ಕ್ಯಾರೊಲಿನ್ ಹ್ಯಾಂಪ್ಟನ್ ಕಥೆ ಹೇಳಿ ನೋಡಿ.